ಮೈಯೆಲ್ಲ ಕಣ್ಣಾಗುವ ಕಲಿಕೆ: ವಡಕರದ ಕಳರಿಯಲ್ಲಿ ಒಂದು ಮುಂಜಾವು

ಶರೀರವನ್ನು ಗುಡಿಯೆಂದು ಬಗೆದು ಬಂದ ಪರಂಪರೆ ನಮ್ಮದು. ಕಲ್ಲಿನ ಗುಡಿಗೆ ಬಾಗಿಲುಂಟು, ಅಗುಳಿಯುಂಟು, ರಾತ್ರಿಯ ಕಾವಲುಂಟು. ಮೈಯೆಂಬ ಗುಡಿಯ ಕಾವಲನ್ನು ಕುರಿತು ನಾವು ನಮ್ಮ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಏನನ್ನು ಕಲಿಸಿದ್ದೇವೆ? ಅರವತ್ತಾರು ವರುಷಗಳ ಬಾಳಿನಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದವಳು ನನ್ನ ಹಿರಿಯ ಮೊಮ್ಮಗಳು.

ಅವಳು ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಗ ಒಂದು ಸಂಜೆ ಪಾಠ ಮುಗಿಸಿಕೊಂಡು ವಸತಿಗೃಹಕ್ಕೆ ನಡೆದು ಬರುತ್ತಿದ್ದಳು. ಬೀದಿದೀಪವಿಲ್ಲದ ತಿರುವಿನಲ್ಲಿ ಯಾರೋ ಒಬ್ಬ ಯುವಕ ಬೈಕು ನಿಲ್ಲಿಸಿ ಅವಳ ಕೈಹಿಡಿದು ಎಳೆದ. ಅಷ್ಟರಲ್ಲಿ ಎದುರಿನಿಂದ ಬಂದ ಲಾರಿಯ ಬೆಳಕು ಬಿದ್ದುದರಿಂದ ಬಿಟ್ಟು ಓಡಿಹೋದ. ಮೈಗೆ ಗಾಯವೇನೂ ಆಗಲಿಲ್ಲ. ಆದರೆ ರಜೆಯಲ್ಲಿ ಮನೆಗೆ ಬಂದವಳು, ಎಲ್ಲರೂ ಮಲಗಿದ ಮೇಲೆ ನನ್ನ ಬಳಿ ಕುಳಿತು ಹೇಳಿದ ಮಾತು ನನ್ನ ನಿದ್ದೆಯನ್ನು ಕೆಡಿಸಿತು. “ಅಜ್ಜಾ, ಕೂಗಬೇಕು ಅಂದುಕೊಂಡೆ. ಬಾಯಿಂದ ದನಿಯೇ ಹೊರಡಲಿಲ್ಲ.”

ಮನೆಯಲ್ಲಿ ಸಮಾಲೋಚನೆ ನಡೆಯಿತು. ಪದವಿಯ ಓದಿಗೆ ಅವಳನ್ನು ನಗರಕ್ಕೆ ಕಳಿಸುವುದು ಬೇಡ, ಮನೆಯಲ್ಲಿಯೇ ಇದ್ದು ದೂರಶಿಕ್ಷಣದಲ್ಲಿ ಓದಲಿ ಎಂದು ಮೊದಲು ನುಡಿದವನು ನಾನೇ. ಹಿರಿಯನ ಮಾತೆಂದು ಮಗನೂ ಸೊಸೆಯೂ ಒಪ್ಪಿದರು. ಮೊಮ್ಮಗಳು ಒಂದು ಮಾತನ್ನೂ ಆಡಲಿಲ್ಲ. ಎದ್ದು ಒಳಗೆ ಹೋದಳು. ಅವಳ ದನಿ ಎರಡನೆಯ ಸಲ ಅಡಗಿದ್ದು ಅಂದು. ಆ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ಜೂನ್ ತಿಂಗಳಲ್ಲಿ ಒಂದು ಉಪನ್ಯಾಸಕ್ಕಾಗಿ ನಾನು ಮಂಗಳೂರಿಗೆ ಹೋಗಬೇಕಾಯಿತು. ಸಮುದ್ರವನ್ನಾದರೂ ನೋಡಲಿ ಎಂದು ಮೊಮ್ಮಗಳನ್ನು ಜೊತೆಗೆ ಕರೆದೊಯ್ದೆ. ಸಭೆಗೆ ಬಂದಿದ್ದ ಕಾಸರಗೋಡಿನ ಹಳೆಯ ಮಿತ್ರರು, ನಿವೃತ್ತ ಕನ್ನಡ ಅಧ್ಯಾಪಕರು, ಅವಳ ವಿಷಯವನ್ನು ಕೇಳಿ ತಿಳಿದು, “ನಾಳೆ ನನ್ನೊಡನೆ ವಡಕರಕ್ಕೆ ಬನ್ನಿ. ಅಲ್ಲಿ ನನಗೆ ಪರಿಚಯದ ಒಂದು ಕಳರಿ ಇದೆ. ಅದನ್ನು ಕಂಡ ಮೇಲೆ ನಿಮ್ಮ ತೀರ್ಮಾನವನ್ನು ಮಾಡಿರಿ” ಎಂದರು.

ರೈಲುದಾರಿ

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲುದಾರಿ ಕಡಲಿನ ಬದಿಯಲ್ಲಿಯೇ ಸಾಗುತ್ತದೆ. ಕಾಸರಗೋಡು, ಪಯ್ಯನ್ನೂರು, ಕಣ್ಣೂರು, ತಲಶ್ಶೇರಿ, ಪುದುಚೇರಿಗೆ ಸೇರಿದ ಪುಟ್ಟ ಮಾಹೆ, ಅನಂತರ ವಡಕರ. ಮುಂಗಾರು ಆಗಷ್ಟೇ ಇಳಿದಿತ್ತು. ಚಂದ್ರಗಿರಿ ಹೊಳೆಯೂ ವಳಪಟ್ಟಣಂ ಹೊಳೆಯೂ ಕೆಂಪಗೆ ತುಂಬಿ ಹರಿಯುತ್ತಿದ್ದವು. ಬಯಲುನಾಡಿನ ಎರೆಮಣ್ಣಿನಲ್ಲಿ ಬೆಳೆದ ನಮಗೆ ಅಷ್ಟೊಂದು ತೆಂಗು, ಅಷ್ಟೊಂದು ನೀರು, ಅಷ್ಟೊಂದು ಹಸುರು ಒಮ್ಮೆಗೇ ಕಣ್ಣಿಗೆ ತುಂಬಿದಾಗ ಮಾತು ತಾನಾಗಿಯೇ ನಿಂತುಹೋಗುತ್ತದೆ.

ಈ ಸೀಮೆಯನ್ನು ಹಿಂದೆ ಕಡತ್ತನಾಡು ಎಂದು ಕರೆಯುತ್ತಿದ್ದರು. ಬಡಗಣ ಪಾಟ್ಟುಗಳೆಂದು ಮಲಯಾಳಿಗಳು ಹಾಡಿಕೊಂಡು ಬಂದಿರುವ ವೀರಗೀತೆಗಳ ತವರು ಇದು. ತಚ್ಚೋಳಿ ಒದೇನನ್ ಈ ನೆಲದವನು. ಅವನ ಆರಾಧ್ಯ ದೇವತೆಯ ಲೋಕನಾರ್‌ಕಾವು ವಡಕರಕ್ಕೆ ಸಮೀಪದಲ್ಲಿದೆ. ಪುತ್ತೂರಂ ಮನೆಯ ಉಣ್ಣಿಯಾರ್ಚೆಯ ಕಥೆಯನ್ನು ಮಿತ್ರರು ದಾರಿಯಲ್ಲಿ ಹೇಳಿದರು. ದೇವಾಲಯದ ಕೂತ್ತು ನೋಡಲು ಗಂಡನೊಡನೆ ಹೊರಟ ಅವಳನ್ನು ನಾದಾಪುರದ ದಾರಿಯಲ್ಲಿ ದುಷ್ಟರ ಗುಂಪು ಅಡ್ಡಗಟ್ಟಿತಂತೆ. ಗಂಡ ನಡುಗಿ ನಿಂತ. ಹೆಣ್ಣಾದ ತಾನು ನಡುಗದೆ ನಿಂತಿರುವಾಗ ಗಂಡಸಾದ ನೀನು ನಡುಗುವುದೇಕೆ ಎಂದು ಅವನನ್ನು ಹಂಗಿಸಿ, ಅವಳೇ ಕತ್ತಿಯನ್ನು ಹಿಡಿದು ಎದುರಿಸಿದಳಂತೆ. ಮೊಮ್ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೇಳಿಸಿಕೊಳ್ಳುತ್ತಿಲ್ಲವೆಂದು ನಾನು ಎಣಿಸಿದ್ದೆ. ಕಥೆ ಮುಗಿದಾಗ ತಿರುಗಿ, “ಅವಳಿಗೆ ಯಾರು ಕಲಿಸಿದ್ದರು?” ಎಂದು ಕೇಳಿದಳು. ಬಾಲ್ಯದಲ್ಲಿ ಅಣ್ಣತಮ್ಮಂದಿರೊಡನೆ ಅವಳೂ ಕಳರಿಯಲ್ಲಿ ಕಲಿತವಳೆಂದು ಮಿತ್ರರು ಹೇಳಿದರು.

ನೆಲದೊಳಗಿನ ಪಾಠಶಾಲೆ

ಮರುದಿನ ಬೆಳಗಿನ ಐದೂವರೆ ಗಂಟೆಗೆ, ಜಿಟಿಜಿಟಿ ಮಳೆಯಲ್ಲಿ, ನಾವು ಕಳರಿಯ ಬಾಗಿಲಲ್ಲಿ ನಿಂತಿದ್ದೆವು. ಹೊರಗಿನಿಂದ ನೋಡಿದರೆ ಅದೊಂದು ತಗ್ಗಾದ ಮಾಡು ಮಾತ್ರ. ಒಳಹೊಕ್ಕರೆ ನೆಲವೇ ಕೆಳಗಿಳಿಯುತ್ತದೆ. ಸುಮಾರು ಮೂರೂವರೆ ಅಡಿ ಆಳಕ್ಕೆ ತೋಡಿದ ಮಣ್ಣಿನ ಕುಳಿ, ಪೂರ್ವ ಪಶ್ಚಿಮವಾಗಿ 42 ಅಡಿ ಉದ್ದ, 21 ಅಡಿ ಅಗಲ, ಬಾಗಿಲು ಪೂರ್ವಕ್ಕೆ. ಇದು ವಡಗಣ ಸಂಪ್ರದಾಯದ ಕಳರಿಯ ಶಾಸ್ತ್ರೋಕ್ತ ಅಳತೆ. ಹೀಗೆ ತೋಡುವುದರಿಂದ ಹೊರಗಿನ ಗಾಳಿ ಬೆವರಿದ ಮೈಗೆ ನೇರವಾಗಿ ತಾಗುವುದಿಲ್ಲ. ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲುಗಳ ಪೂತ್ತರ ಎಂಬ ಪೀಠ. ಅದರ ಮೇಲೆ ಹೂವು, ದೀಪ. ವಿದ್ಯಾರ್ಥಿಗಳು ಬಲಗಾಲನ್ನು ಮುಂದಿಟ್ಟು ಇಳಿದು, ನೆಲವನ್ನು ಮುಟ್ಟಿ ಹಣೆಗೆ ಒತ್ತಿಕೊಂಡು, ಗುರುಪೀಠಕ್ಕೆ ನಮಿಸಿ, ಬಳಿಕ ತಮ್ಮ ಸ್ಥಾನದಲ್ಲಿ ನಿಲ್ಲುತ್ತಿದ್ದರು. ಬಾಲ್ಯದಲ್ಲಿ ನಮ್ಮ ಮಠದ ಗರಡಿಯ ಕೆಮ್ಮಣ್ಣನ್ನು ಹಣೆಗೆ ಹಚ್ಚಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದ ದಿನಗಳು ನನಗೆ ನೆನಪಾದವು. ಎಣ್ಣೆಯ ವಾಸನೆಯೂ ಅದೇ, ಹಸಿ ಮಣ್ಣಿನ ವಾಸನೆಯೂ ಅದೇ.

ಆದರೆ ಒಂದು ವ್ಯತ್ಯಾಸವಿತ್ತು. ನಮ್ಮ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುತ್ತಿರಲಿಲ್ಲ. ಇಲ್ಲಿ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಮಂದಿಯಲ್ಲಿ ಎಂಟು ಮಂದಿ ಹುಡುಗಿಯರು. ಅವರಲ್ಲಿ ಎಂಟು ವರುಷದ ಮಗುವೂ ಇತ್ತು, ನಲವತ್ತು ದಾಟಿದ ಗೃಹಿಣಿಯೂ ಇದ್ದರು.

ಗುರುಕ್ಕಳ್ ಎಂದು ಕರೆಸಿಕೊಳ್ಳುವ ಹಿರಿಯರು ಮೂಲೆಯಲ್ಲಿ ನಿಂತು ಲಯಬದ್ಧವಾಗಿ ಆಜ್ಞೆಗಳನ್ನು ಉಚ್ಚರಿಸತೊಡಗಿದರು. ಇದಕ್ಕೆ ವಾಯ್‌ತ್ತಾರಿ ಎಂದು ಹೆಸರು. ಆ ನುಡಿಗೆ ಇಪ್ಪತ್ತು ಮೈಗಳು ಒಂದೇ ಮೈಯಂತೆ ಬಾಗಿ, ನೆಗೆದು, ತಿರುಗಿದವು. ಗಜ, ಸಿಂಹ, ಅಶ್ವ, ವರಾಹ, ಸರ್ಪ, ಮಾರ್ಜಾರ, ಕುಕ್ಕುಟ, ಮಯೂರ ಎಂಬ ಎಂಟು ವಡಿವುಗಳು, ಅಂದರೆ ನಿಲುವುಗಳು, ಈ ವಿದ್ಯೆಯ ಅಕ್ಷರಮಾಲೆ. ಆನೆಯಂತೆ ನೆಲಕ್ಕೆ ಊರುವುದು, ಬೆಕ್ಕಿನಂತೆ ಸದ್ದಿಲ್ಲದೆ ಹೊರಳುವುದು, ಹಾವಿನಂತೆ ನಿಂತ ನೆಲೆಯಲ್ಲಿಯೇ ತಿರುಗುವುದು. ಮೊದಲ ಹಂತ ಮೈತ್ತಾರಿ, ಶರೀರದ ಶಿಕ್ಷಣ. ಅದು ಹದಗೊಂಡ ಮೇಲೆ ಕೋಲ್‌ತ್ತಾರಿ, ಅಂದರೆ ಉದ್ದ ಕೋಲು, ಮೂರು ಗೇಣಿನ ಗಿಡ್ಡ ಕೋಲು, ಬಾಗಿದ ಒಟ್ಟ. ಆಮೇಲೆ ಕಠಾರಿ, ಕತ್ತಿ, ಗುರಾಣಿಗಳ ಅಂಕತ್ತಾರಿ. ಎಲ್ಲಕ್ಕೂ ಕೊನೆಯಲ್ಲಿ ವೆರುಂಕೈ.

ಭಾಷೆಯ ವಿದ್ಯಾರ್ಥಿಯಾದ ನನಗೆ ಈ ಹೆಸರುಗಳನ್ನು ಕೇಳಿ ಸಂತೋಷವಾಯಿತು. ಅವರ ಮೆಯ್ಯ್ ನಮ್ಮ ಮೈ. ಅವರ ವಾಯ್ ನಮ್ಮ ಬಾಯಿ. ಅವರ ವಾಳ್ ನಮ್ಮ ಹಳಗನ್ನಡದ ಬಾಳ್. ಅವರ ವೆರುಂಕೈ ನಮ್ಮ ಬರಿಗೈ. ಅಣ್ಣತಮ್ಮಂದಿರು ಬೇರೆ ಮನೆ ಮಾಡಿದರೂ ಪಾತ್ರೆಪಡಗಗಳು ಒಂದೇ ಆಗಿರುವಂತೆ. ಆದರೆ ಬರಿಗೈಯ ಪಾಠ ಎಲ್ಲಕ್ಕೂ ಕೊನೆಗೆ ಏಕೆ? ಆಯುಧವಿಲ್ಲದೆ ನಿಲ್ಲುವುದು ಸುಲಭವೆಂದು ನಾವು ಭಾವಿಸುತ್ತೇವೆ. ಅದು ಎಲ್ಲಕ್ಕಿಂತ ಕಠಿಣವೆಂದು ಆ ಪರಂಪರೆ ಬಲ್ಲದು.

ಅಡಗಿ ಮತ್ತೆ ಎದ್ದ ವಿದ್ಯೆ

ಈ ವಿದ್ಯೆಯು ಅಳಿಯದೆ ಉಳಿದು ಬಂದದ್ದೇ ಒಂದು ಸಂಗತಿ. ಬಂದೂಕು ಬಂದ ಮೇಲೆ ಕತ್ತಿಯ ಮಹತ್ವ ಕುಗ್ಗಿತು. 1805ರಲ್ಲಿ ಪಳಶ್ಶಿರಾಜನ ಮರಣದೊಡನೆ ಅವನ ಪ್ರತಿರೋಧ ಮುಗಿಯಿತು. ಮಲಬಾರಿನಲ್ಲಿ ಆಯುಧ ಧರಿಸುವುದನ್ನು ಕಂಪನಿ ಸರಕಾರವು ನಿರ್ಬಂಧಿಸಿತು. ಕಳರಿಗಳು ಮುಚ್ಚಿದವು, ಕೆಲವು ಮನೆಗಳ ಹಿತ್ತಲಲ್ಲಿ ಮಾತ್ರ ಅಭ್ಯಾಸ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳರು ಚದುರಿಹೋಗಿದ್ದ ಪಾಠಗಳನ್ನು ಒಟ್ಟುಗೂಡಿಸಿದರು. ಅವರ ಶಿಷ್ಯರಾದ ಸಿ.ವಿ. ನಾರಾಯಣನ್ ನಾಯರ್ ಅವುಗಳನ್ನು ಮತ್ತೆ ಜನರ ಮುಂದೆ ತಂದರು.

ವಡಕರದ ಪುದುಪ್ಪಣದಲ್ಲಿ 1949ರಲ್ಲಿ ಆರಂಭವಾದ ಕಡತ್ತನಾಡನ್ ಕಳರಿ ಸಂಘದ ಕಥೆಯು ನಮ್ಮ ಓದುಗರು ವಿಶೇಷವಾಗಿ ತಿಳಿಯತಕ್ಕದ್ದು. ಜಾತಿಯ ಕಾರಣದಿಂದ ಕಲಿಕೆಯ ಬಾಗಿಲು ಮುಚ್ಚಿದಾಗ ರಾಘವನ್ ಗುರುಕ್ಕಳರು ತಾವೇ ಒಂದು ಕಳರಿಯನ್ನು ಕಟ್ಟಿ, ಜಾತಿಯನ್ನು ಕೇಳದೆ, ಶುಲ್ಕವನ್ನು ಗೊತ್ತುಮಾಡದೆ ಕಲಿಸಿದರು. ಅಲ್ಲಿ ಏಳು ವರುಷದ ಬಾಲಿಕೆಯಾಗಿ ಸೇರಿದ ಮೀನಾಕ್ಷಿಯಮ್ಮ ಮುಂದೆ ಅವರ ಪತ್ನಿಯಾದರು, ಗುರುವೂ ಆದರು. 2017ರಲ್ಲಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ನಾವು ಹೋದ ಕಳರಿ ಬೇರೆಯದು. ಅಲ್ಲಿನ ಗುರುಕ್ಕಳರು ಮೀನಾಕ್ಷಿಯಮ್ಮನವರ ಮಾತು ಬಂದಾಗ ಹೇಳಿದ ಒಂದು ಸಂಗತಿ ನನ್ನ ಎದೆಗೆ ನಾಟಿತು. ಹಿಂದೆ ಹೆಣ್ಣುಮಕ್ಕಳು ಕಳರಿಗೆ ಬರುತ್ತಿರಲಿಲ್ಲವೆಂದಲ್ಲ, ಬರುತ್ತಿದ್ದರು. ಆದರೆ ಮೈನೆರೆದೊಡನೆ ಬಿಡಿಸುತ್ತಿದ್ದರು. ಮೀನಾಕ್ಷಿಯಮ್ಮನ ಹಿರಿಮೆಯೆಂದರೆ ಅವರು ಬಿಡದೆ ಮುಂದುವರಿದದ್ದು.

ಓದುಗ ಬಂಧುಗಳು ಇದನ್ನು ಕ್ಷಣಕಾಲ ಆಲೋಚಿಸಬೇಕು. ಹೆಣ್ಣುಮಗಳಿಗೆ ತನ್ನ ಮೈಯ ರಕ್ಷಣೆ ನಿಜವಾಗಿ ಬೇಕಾಗುವುದು ಯಾವ ವಯಸ್ಸಿನಲ್ಲಿಯೋ ಅದೇ ವಯಸ್ಸಿನಲ್ಲಿ ಆ ಕಲಿಕೆಯನ್ನು ನಿಲ್ಲಿಸುತ್ತಿದ್ದರು. ಅದನ್ನು ಕೇಳಿ “ಎಂಥ ಅವಿವೇಕ!” ಎನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ಎರಡು ತಿಂಗಳ ಹಿಂದೆ ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಮಾಡಿದ ತೀರ್ಮಾನ ಇದಕ್ಕಿಂತ ಬೇರೆ ಯಾವುದಾಗಿತ್ತು?

ಗುರುಕ್ಕಳರ ಹಿತವಚನ

ಅಭ್ಯಾಸ ಮುಗಿದ ಮೇಲೆ ಜಗಲಿಯಲ್ಲಿ ಕರಿ ಚಹಾ ಕುಡಿಯುತ್ತ ನಾನು ನೇರವಾಗಿಯೇ ಕೇಳಿದೆ: “ಇದನ್ನು ಕಲಿತ ಹುಡುಗಿ ಬೀದಿಯಲ್ಲಿ ದುಷ್ಟನೊಬ್ಬನನ್ನು ಕೆಡವಬಲ್ಲಳೇ?” ಮಿತ್ರರು ಅನುವಾದಿಸಿದರು. ಗುರುಕ್ಕಳರು ನಕ್ಕರು. ಅವರ ಉತ್ತರದಲ್ಲಿ ಬಡಾಯಿ ಎಳ್ಳಷ್ಟೂ ಇರಲಿಲ್ಲ.

ಉತ್ಸವದಲ್ಲಿ ಕತ್ತಿಯಿಂದ ಕಿಡಿ ಹಾರಿಸುವುದು ಒಂದು, ಬೀದಿಯಲ್ಲಿ ಬದುಕಿ ಮನೆಗೆ ಬರುವುದು ಇನ್ನೊಂದು ಎಂದರು ಅವರು. ಕಳರಿಯಲ್ಲಿ ಎದುರಾಳಿಯ ಮುಂದಿನ ಹೆಜ್ಜೆ ಗೊತ್ತಿರುತ್ತದೆ. ವಾಯ್‌ತ್ತಾರಿ ಅದನ್ನು ಮೊದಲೇ ಹೇಳುತ್ತದೆ. ಬೀದಿಯಲ್ಲಿ ಯಾರೂ ಹೇಳಿ ಹೊಡೆಯುವುದಿಲ್ಲ. ಆದ್ದರಿಂದ ಜೊತೆಗಾರನು ನಿಜವಾಗಿ ಬಿಗಿಹಿಡಿದು, ಹೇಳದೆ ಎಳೆದು, ಹಿಂದಿನಿಂದ ಬಂದು ತಡೆಯುವ ಅಭ್ಯಾಸವನ್ನೂ ಮಾಡಿಸಬೇಕು. ನಾಲ್ಕು ದಿನದ ಶಿಬಿರದಲ್ಲಿ ಹತ್ತು ಹೊಡೆತ ಕಲಿತ ಮಗುವಿಗೆ ಧೈರ್ಯಕ್ಕಿಂತ ಭ್ರಮೆ ಹೆಚ್ಚಾದೀತು. ಎದುರಿಗೆ ಚಾಕು ಕಂಡರೆ ಪರ್ಸು, ಸರ ಏನನ್ನಾದರೂ ಎಸೆದು ಓಡಬೇಕು, ಅದು ಹೇಡಿತನವಲ್ಲ. ಮರ್ಮಗಳ ಮಾತು ಎತ್ತಿದಾಗ ಅವರು ತಲೆಯಾಡಿಸಿದರು. ಸುಶ್ರುತನು 107 ಮರ್ಮಗಳನ್ನು ಹೇಳುತ್ತಾನೆ. ಅದು ವರ್ಷಗಟ್ಟಲೆ ಪರೀಕ್ಷಿಸಿದ ಶಿಷ್ಯನಿಗೆ ಕೊಡುವ ವಿದ್ಯೆ. ಗಾಬರಿಯಲ್ಲಿ ನಡುಗುವ ಬೆರಳಿಗೆ ಮರ್ಮ ಸಿಗುವುದಿಲ್ಲ. ಅಂಗೈಯ ಬುಡ, ಮೊಣಕೈ, ಮೊಣಕಾಲು ಸಿಗುತ್ತವೆ ಎಂದರು.

“ಹಾಗಾದರೆ ಇಷ್ಟೆಲ್ಲ ಅಭ್ಯಾಸ ಏತಕ್ಕೆ?” ಎಂದೆ.

ಮೈ ಕಣ್ಣಾಗಬೇಕು ಎಂಬುದು ಕಳರಿಯ ಹಳೆಯ ನುಡಿ ಎಂದು ಅವರು ವಿವರಿಸಿದರು. ಪ್ರತಿದಿನ ನೆಲವನ್ನು ಮೆಟ್ಟಿ ನಿಂತ ಕಾಲು ಗಾಬರಿಯಲ್ಲಿಯೂ ನಿಲ್ಲುವುದನ್ನು ಮರೆಯುವುದಿಲ್ಲ. ಹಿಂದೆ ಬರುವ ಹೆಜ್ಜೆ, ನಿಧಾನಿಸುವ ವಾಹನ, ಅನಗತ್ಯವಾಗಿ ಹತ್ತಿರವಾಗುವ ಅಪರಿಚಿತ, ಇವೆಲ್ಲ ಮೈಗೆ ಮೊದಲೇ ತಿಳಿಯುತ್ತವೆ. ಮೊದಲೇ ತಿಳಿದರೆ ದೂರ ಸರಿಯಲು ಸಮಯ ಸಿಗುತ್ತದೆ. ಮೊದಲ ರಕ್ಷಣೆ ಕಣ್ಣು, ಎರಡನೆಯದು ದೂರ, ಮೂರನೆಯದು ದನಿ, ನಾಲ್ಕನೆಯದು ಕಾಲು, ಕೈ ಕೊನೆಯದು. ಅದೂ ಬಿಡಿಸಿಕೊಂಡು ಓಡುವಷ್ಟಕ್ಕೆ ಮಾತ್ರ.

ನನ್ನ ಹಿಡಿತ

ಬಳಿಕ ಅವರು ಮೊಮ್ಮಗಳನ್ನು ಅಂಗಳಕ್ಕೆ ಕರೆದರು. ನನ್ನನ್ನೂ ಕರೆದರು. ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಲು ನನಗೆ ಹೇಳಿದರು. ನಾನು ಮೆಲ್ಲಗೆ ಹಿಡಿದೆ. “ಹಾಗಲ್ಲ, ಬಿಡಬಾರದೆಂಬಂತೆ ಹಿಡಿಯಿರಿ” ಎಂದರು. ಗರಡಿಯಲ್ಲಿ ಗಟ್ಟಿಗೊಂಡ ಮುಷ್ಟಿ ಇನ್ನೂ ಪೂರ್ತಿ ಸಡಿಲಾಗಿಲ್ಲ, ಹಿಡಿದೆ. ಅವಳು ಎಳೆದಳು, ಬರಲಿಲ್ಲ. ಗುರುಕ್ಕಳರು ತೋರಿಸಿದರು: ಹಿಡಿದ ಕೈಯಲ್ಲಿ ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಕೂಡುವ ಸಂದೇ ದುರ್ಬಲ. ತೋಳಿನ ಬಲದಿಂದ ಹಿಂದಕ್ಕೆ ಜಗ್ಗಬಾರದು. ಹೆಜ್ಜೆಯನ್ನು ಊರಿ, ಮಣಿಕಟ್ಟನ್ನು ಹೊರಳಿಸಿ, ಮೊಣಕೈಯನ್ನು ಬಾಗಿಸಿ, ಇಡೀ ಮೈಯನ್ನು ತಿರುಗಿಸುತ್ತ ಆ ಸಂದಿನ ಕಡೆಗೆ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳುವಾಗಲೇ ಕೂಗಬೇಕು.

ಮೂರನೆಯ ಸಲಕ್ಕೆ ಕೈ ಬಿಡಿಸಿಕೊಂಡಳು, ದನಿ ಹೊರಡಲಿಲ್ಲ. ಆಗ ಗುರುಕ್ಕಳರು ಇನ್ನೊಬ್ಬ ಶಿಷ್ಯೆಯನ್ನು, ಆ ನಲವತ್ತು ದಾಟಿದ ಗೃಹಿಣಿಯನ್ನು, ಪಕ್ಕದಲ್ಲಿ ನಿಲ್ಲಿಸಿದರು. ಅವರು ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿ, ಗಂಟಲಿನಿಂದಲ್ಲ, ಇಲ್ಲಿಂದ ಎಂದರು. ವಾಯ್‌ತ್ತಾರಿಯನ್ನು ಅವರು ಹೇಳಿದಂತೆ ಮೊಮ್ಮಗಳು ಮರುನುಡಿದಳು, ಅರ್ಥ ತಿಳಿಯದಿದ್ದರೂ. ಮೊದಲು ಪಿಸುಮಾತು, ಆಮೇಲೆ ಮಾತು, ಆಮೇಲೆ ಹಾಡಿನಷ್ಟು ಎತ್ತರ. ಮತ್ತೆ ನಾನು ಕೈಹಿಡಿದೆ.

“ಬಿಡು!”

ಅಂಗಳದ ತೆಂಗಿನ ಮರದಿಂದ ಕಾಗೆಗಳು ಹಾರಿದವು. ಅವಳ ಕೈ ನನ್ನ ಕೈಯಲ್ಲಿರಲಿಲ್ಲ. ಐದು ಹೆಜ್ಜೆ ದೂರದಲ್ಲಿ, ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ನನ್ನ ಕಣ್ಣುಗಳನ್ನು ನೇರವಾಗಿ ನೋಡುತ್ತ ನಿಂತಿದ್ದಳು. ಹದಿನೆಂಟು ವರುಷಗಳಲ್ಲಿ ಆ ಹುಡುಗಿ ನನ್ನೆದುರು ದನಿಯೆತ್ತಿದ್ದು ಅದೇ ಮೊದಲು. ಏಕೆಂದರೆ, “ಹೆಣ್ಣುಮಗಳು, ಮೆಲ್ಲಗೆ ಮಾತಾಡು” ಎಂದು ಅವಳಿಗೆ ತೊಟ್ಟಿಲಿನಿಂದ ಹೇಳಿಕೊಂಡು ಬಂದವರು ನಾವೇ. ಕತ್ತಲ ತಿರುವಿನಲ್ಲಿ ಅವಳ ಗಂಟಲನ್ನು ಕಟ್ಟಿದ್ದು ಆ ಯುವಕನ ಭಯ ಒಂದೇ ಅಲ್ಲ. ನಮ್ಮ ಹದಿನೆಂಟು ವರುಷದ ಪಾಠವೂ ಅದರಲ್ಲಿ ಸೇರಿತ್ತು.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ರಾತ್ರಿಯ ಬಸ್ಸಿನಲ್ಲಿ, ನನ್ನ ಮುಂದಿನ ಆಸನದಲ್ಲಿದ್ದ ಹೆಣ್ಣುಮಗಳಿಗೆ ಕುಡಿದವನೊಬ್ಬ ಕಿರುಕುಳ ಕೊಡುತ್ತಿದ್ದ. ಏಳು ವರುಷ ಸಾಮು ಮಾಡಿ ಉಕ್ಕಿನಂತಾಗಿದ್ದ ಮೈ ನನ್ನದು. ನಾನು ಏಳಲಿಲ್ಲ. ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಮುಂದಿನ ಊರಿನಲ್ಲಿ ಆಕೆ ಇಳಿದುಹೋದಳು. ಅದು ಅವಳ ಊರಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಗರಡಿ ನನಗೆ ಬಲವನ್ನು ಕೊಟ್ಟಿತ್ತು. ಆ ಬಲಕ್ಕೆ ಕಣ್ಣನ್ನೂ ದನಿಯನ್ನೂ ನಾನು ಕೂಡಿಸಿಕೊಂಡಿರಲಿಲ್ಲ. ಮಂತ್ರವನ್ನು ಕಂಠಪಾಠ ಮಾಡಿ ಅರ್ಥವನ್ನು ಬಿಟ್ಟವನ ಹಾಗೆ. ನಾಲ್ಕು ದಶಕಗಳ ಮೇಲೆ ಆ ಅಂಗಳದಲ್ಲಿ ನನಗೆ ಆ ಹೆಣ್ಣುಮಗಳ ಮುಖ ನೆನಪಾಯಿತು.

ಮನೆಮನೆಗಳಿಗೆ ಒಂದು ಬಿನ್ನಹ

ಊರಿಗೆ ಮರಳಿದ ದಿನವೇ ಮನೆಯವರನ್ನೆಲ್ಲ ಕೂಡಿಸಿ, ನನ್ನ ಮಾತನ್ನು ನಾನೇ ಹಿಂತೆಗೆದುಕೊಂಡೆ. ಮೊಮ್ಮಗಳು ಈಗ ನಗರದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ವಾರಕ್ಕೆ ಮೂರು ಸಂಜೆ ಅಲ್ಲಿಯೇ ಜೂಡೋ ಕಲಿಯುತ್ತಾಳೆ. ಕಳರಿ ಅಲ್ಲಿ ಇಲ್ಲ, ಇರಬೇಕೆಂದೂ ಇಲ್ಲ. ಯಾವ ಮಣ್ಣಿನಲ್ಲಿ ಬಿದ್ದು ಎದ್ದರೂ ಮೈ ಕಣ್ಣಾಗುತ್ತದೆ. ನನ್ನ ಚಿಂತೆ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ಸಂಜೆ ಏಳರ ಮೇಲೆ ಅವಳ ಫೋನು ಬರುವ ತನಕ ಇಂದಿಗೂ ಜಪಮಣಿ ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಆ ಚಿಂತೆಯನ್ನು ಹೊರಬೇಕಾದವನು ನಾನು. ಅದನ್ನು ಅವಳ ಕಾಲಿಗೆ ಸರಪಳಿಯಾಗಿ ಬಿಗಿಯುವ ಅಧಿಕಾರ ನನಗಿಲ್ಲ.

ನಮ್ಮ ಮನೆಗಳ ತಂದೆತಾಯಿಗಳಲ್ಲಿ ಕೆಲವು ಮಾತು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದೆಂಬುದು ಹಳೆಯ ಗಾದೆ. ಕಲಿಕೆ ಎಂಟನೆಯ ವಯಸ್ಸಿಗೆ ಆರಂಭವಾಗಲಿ, ಹದಿಮೂರಕ್ಕೆ ನಿಲ್ಲದಿರಲಿ. ಕಲಿಸುವವರನ್ನು ಆರಿಸುವಾಗ ಪದಕಗಳನ್ನು ಎಣಿಸುವುದಕ್ಕಿಂತ, ಓಡಿಹೋಗುವುದನ್ನೂ ಕಲಿಸುತ್ತಾರೆಯೇ ಎಂದು ಕೇಳಿರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಎಂಬ ಸಂಖ್ಯೆಗಳು ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ. ತನ್ನನ್ನೂ ಇತರರನ್ನೂ ರಕ್ಷಿಸಿಕೊಳ್ಳುವ ಹಕ್ಕನ್ನು ಕಾನೂನೇ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನು ಹೇಳುತ್ತವೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಎಲ್ಲೆಯೂ ಅಲ್ಲಿದೆ. ಗಂಡುಮಕ್ಕಳಿಗೂ ಒಂದು ಪಾಠವುಂಟು: ಕಿರುಕುಳ ಕಂಡಾಗ ಕಣ್ಣು ಮುಚ್ಚಬೇಡ, ಎದ್ದು ನಿಲ್ಲು. ಅದನ್ನು ಕಲಿಸಲು ತಪ್ಪಿದವನ ಮಾತೇ ಹೆಚ್ಚು ಉಪಯುಕ್ತವಾದೀತೆಂದು ನನ್ನ ಬಸ್ಸಿನ ಕಥೆಯನ್ನು ಇಲ್ಲಿ ಬರೆದಿದ್ದೇನೆ.

ಚಿತ್ರದುರ್ಗದ ಓಬವ್ವನ ಕೈಯಲ್ಲಿದ್ದುದು ದಿನವೂ ಭತ್ತ ಕುಟ್ಟುವ ಒನಕೆ. ಅದನ್ನು ಎತ್ತುವ ತೋಳಿಗೆ ನಿತ್ಯದ ಅಭ್ಯಾಸವಿತ್ತು. ಕಿಂಡಿಯ ಸದ್ದನ್ನು ಗುರುತಿಸಿದ ಕಿವಿಗೆ ಎಚ್ಚರವಿತ್ತು. ಅವಳ ಪ್ರತಿಮೆಗೆ ಮಾಲೆ ಹಾಕುವ ನಾವು ನಮ್ಮ ಮನೆಯ ಹುಡುಗಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಹುಬ್ಬು ಗಂಟಿಕ್ಕುತ್ತೇವೆ.

ನಮ್ಮೂರ ಗರಡಿಮನೆಯ ಮಾಡು ಕುಸಿದು ಹತ್ತು ವರುಷವಾಯಿತು. ಅದನ್ನು ಮತ್ತೆ ಹೊದಿಸೋಣವೆಂದು ಹಿರಿಯರಲ್ಲಿ ಪ್ರಸ್ತಾಪಿಸಿದ್ದೇನೆ. ಹಣ ಕೂಡುತ್ತಿದೆ. ಹೆಣ್ಣುಮಕ್ಕಳಿಗೆ ಬೆಳಗಿನ ಒಂದು ಗಂಟೆಯನ್ನು ಮೀಸಲಿಡಬೇಕೆಂಬ ನನ್ನ ಷರತ್ತಿಗೆ ಮಾತ್ರ ಇನ್ನೂ ಎಲ್ಲರೂ ಒಪ್ಪಿಲ್ಲ. ಶ್ರಾವಣದಲ್ಲಿ ಮೊಮ್ಮಗಳು ಊರಿಗೆ ಬರುವವಳಿದ್ದಾಳೆ. ಆ ಸಭೆಯಲ್ಲಿ ಅವಳೇ ಮಾತಾಡಲಿ ಎಂದುಕೊಂಡಿದ್ದೇನೆ.